ಗುರುತು ಬೇಡವೆಂದ ಗಿರಾಕಿ

2023ರ ಹೊತ್ತಿಗೆ ನಾನು ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಭದ್ರಾವತಿಯ ಒಂದು ಖಾಸಗಿ ಮಿಶ್ರಲೋಹ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವಳು ನಾನು. ಮನೆಯಲ್ಲೇ ಕೂತರೆ ಟೀವಿ ನೋಡಿ ತಲೆ ಕೆಟ್ಟೀತೆಂದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು, ರಫ್ತು ಸಲಹೆಗಾರ್ತಿ ಎಂದು ಬೋರ್ಡು ಹಾಕಿಕೊಂಡಿದ್ದೆ. ಸಣ್ಣ ವರ್ಕ್‌ಶಾಪುಗಳು ಹೊರದೇಶಕ್ಕೆ ಬಿಡಿಭಾಗ ಕಳಿಸುವಾಗ ಯಾವುದಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಯಾವುದಕ್ಕೆ ಬೇಡ ಎಂದು ಹೇಳುವುದು ನನ್ನ ಕೆಲಸ. ಬಹುಪಾಲು ಬೇಡ ಎಂದೇ ಹೇಳುತ್ತಿದ್ದೆ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಇಂಥವಕ್ಕೆ ಯಾರ ತಕರಾರೂ ಇರುವುದಿಲ್ಲ.

ತಕರಾರು ಇರುವುದು ದ್ವಿಬಳಕೆ ವಸ್ತುಗಳದ್ದು. ಅಂದರೆ ಊರಿನ ಕೆಲಸಕ್ಕೂ ಆಗುವಂಥದ್ದು, ಅಣ್ವಸ್ತ್ರಕ್ಕೂ ಆಗುವಂಥದ್ದು. ಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸಲು ಸೆಂಟ್ರಿಫ್ಯೂಜ್ ಎಂಬ ಯಂತ್ರ ಬೇಕು. ಡೈರಿಯಲ್ಲಿ ಹಾಲನ್ನು ಗಿರಗಿರನೆ ತಿರುಗಿಸಿ ಕೆನೆ ತೆಗೆಯುತ್ತಾರಲ್ಲ, ತತ್ವ ಅದೇ. ವೇಗ ಮಾತ್ರ ಊಹೆಗೆ ಮೀರಿದ್ದು. ಆ ವೇಗಕ್ಕೆ ಸಿಡಿಯದೆ ನಿಲ್ಲುವ ಉಕ್ಕು ಬೇರೆಯೇ ಇದೆ. ಅಂಥ ಸಾಮಾನು ಇನ್ನಷ್ಟು ದೇಶಗಳ ಕೈ ಸೇರದಂತೆ ನೋಡಿಕೊಳ್ಳುವುದು ಅಂತರರಾಷ್ಟ್ರೀಯ ಭದ್ರತೆಯ ದೊಡ್ಡ ಮಾತು. ಆ ದೊಡ್ಡ ಮಾತಿನ ಬಾಲ ನಮ್ಮಲ್ಲಿ ಲೈಸೆನ್ಸ್ ಬೇಕಾದ ವಸ್ತುಗಳ ಸ್ಕೋಮೆಟ್ ಎಂಬ ಸರ್ಕಾರಿ ಪಟ್ಟಿಯಾಗಿ ಬಂದು ನನ್ನ ಮೇಜಿನ ಮೇಲೆ ಕೂತಿತ್ತು.

ಆ ವರ್ಷ ಬೇಸಿಗೆಯಲ್ಲಿ ನಯಾಜ್ ಬಂದ. ಭದ್ರಾವತಿಯ ನ್ಯೂ ಟೌನಿನ ಹತ್ತಿರ ಅವನದೊಂದು ಲೇತ್ ವರ್ಕ್‌ಶಾಪ್. ನಮ್ಮ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾಗಿನಿಂದ ಅವನನ್ನು ಬಲ್ಲೆ. ಎರಡು ವರ್ಷದಿಂದ ಕೆಲಸ ಇಲ್ಲದೆ ಶೆಡ್ಡು ಮುಚ್ಚುವ ಹಂತಕ್ಕೆ ಬಂದಿತ್ತು. ಉಳಿದಿದ್ದ ಒಬ್ಬನೇ ಟರ್ನರ್ ಸೆಲ್ವಂ, ದೀಪಾವಳಿವರೆಗೆ ಕಾಯ್ತೀನಿ, ಆಮೇಲೆ ಬೇರೆ ನೋಡ್ಕೋತೀನಿ ಎಂದಿದ್ದನಂತೆ. ಅಷ್ಟರಲ್ಲಿ ಹೊರದೇಶದ ವ್ಯಾಪಾರಿಯೊಬ್ಬನಿಂದ ಉಕ್ಕಿನ ಉಂಗುರಗಳ ಆರ್ಡರ್ ಬಂದಿತ್ತು. ಡೈರಿ ಯಂತ್ರಕ್ಕಂತೆ. ಒಪ್ಪಿಕೊಂಡರೆ ಎರಡು ವರ್ಷ ಉಸಿರಾಡಬಹುದು ಎಂದ ನಯಾಜ್. ಅವನ ಮುಖ ನೋಡಿ ನನಗೂ ಖುಷಿಯಾಯಿತು. ಡ್ರಾಯಿಂಗ್ ಬಿಚ್ಚಿದ ಮೇಲೆ ಆ ಖುಷಿ ಹೋಯಿತು. ಕೇಳಿದ್ದು ಮರೇಜಿಂಗ್ ಸ್ಟೀಲ್, ಸೆಂಟ್ರಿಫ್ಯೂಜಿನ ವೇಗಕ್ಕೆ ಸಿಡಿಯದೆ ನಿಲ್ಲುವ ಅದೇ ಉಕ್ಕು. ಹಾಲಿನ ಯಂತ್ರಕ್ಕೆ ಅಷ್ಟು ದುಬಾರಿ ಉಕ್ಕು ಹಾಕುವವರನ್ನು ನಾನು ಕಂಡಿರಲಿಲ್ಲ.

ಲೈಸೆನ್ಸ್‌ಗೆ ಅರ್ಜಿ ಹಾಕಬೇಕು, ಕೊನೆಗೆ ಬಳಸುವವರು ಯಾರೆಂದು ಅವರಿಂದಲೇ ಬರೆಸಿ ತರಬೇಕು ಎಂದೆ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಬಂದರಿನ ಏಜೆಂಟ್ ಒಬ್ಬ ಇದನ್ನು ‘ಪಂಪಿನ ಭಾಗ’ ಎಂದು ತೋರಿಸಿ ಕಳಿಸಿಕೊಡುತ್ತಾನೆ ಎಂದು ನಯಾಜ್ ತಗ್ಗಿದ ದನಿಯಲ್ಲಿ ಹೇಳಿದ. ಹಾಗೆ ಮಾಡಿದರೆ ಲೈಸೆನ್ಸ್ ಕೊಡುವ ಇಲಾಖೆಗೆ ನಾನೇ ದೂರು ಬರೆಯಬೇಕಾಗುತ್ತದೆ ಎಂದೆ. ಅವನಿಗೆ ಕೆನ್ನೆಗೆ ಹೊಡೆದಂತಾಗಿರಬೇಕು.

“ನಮ್ ದೇಶ ಬಾಂಬ್ ಇಟ್ಕೋಬಹುದು, ಬೇರೆಯವ್ರು ಇಟ್ಕೋಬಾರ್ದು. ಇದ್ಯಾವ ನ್ಯಾಯ ಮೇಡಂ?”

ಈ ಪ್ರಶ್ನೆಗೆ ನನ್ನ ಹತ್ತಿರ ಪಾಠದಂಥ ಉತ್ತರಗಳಿದ್ದವು. ಒಬ್ಬರು ಮಾಡಿದರೆ ಪಕ್ಕದವರಿಗೂ ಬೇಕಾಗುತ್ತದೆ, ಕೈ ಹೆಚ್ಚಾದಷ್ಟೂ ಅವಘಡ ಹೆಚ್ಚು, ನಮ್ಮದು ಮೊದಲು ಬಳಸುವುದಿಲ್ಲ ಎಂಬ ನೀತಿ, ಎದುರಾಳಿ ಹೆದರಿ ಸುಮ್ಮನಿರಲಿ ಎಂದಷ್ಟೇ ಇಟ್ಟುಕೊಂಡಿದ್ದೇವೆ. ಎಲ್ಲ ಹೇಳಿದೆ. ಅವರೂ ಹಂಗೇ ಅಂದ್ಕೊಂಡಿರ್ತಾರೆ ಎಂದ ನಯಾಜ್. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಅವನು ಹೇಳಿದ್ದು ಸರಿಯಿತ್ತಲ್ಲ, ಅದಕ್ಕೆ. 1998ರಲ್ಲಿ ಪೋಖ್ರಾನ್ ಪರೀಕ್ಷೆಯಾದ ಮೇಲೆ ನಮ್ಮ ಪ್ರಯೋಗಾಲಯದ ಒಂದು ಯಂತ್ರದ ಬಿಡಿಭಾಗವನ್ನು ಹೊರದೇಶದವರು ಕೊಡುವುದಿಲ್ಲ ಎಂದಿದ್ದರು. ನಾವು ಮಾಡುತ್ತಿದ್ದುದು ಸ್ಪ್ರಿಂಗ್ ಉಕ್ಕು, ಬಾಂಬಿಗೂ ನಮಗೂ ಏನೇನೂ ಸಂಬಂಧವಿರಲಿಲ್ಲ. ಆಗ ಊರೆಲ್ಲ ಕೇಳುವಂತೆ ಬೈದಾಡಿದವಳು ನಾನು. ಈಗ ಕೊಡುವುದಿಲ್ಲ ಎನ್ನುವ ಕುರ್ಚಿಯಲ್ಲಿ ನಾನೇ ಕೂತಿದ್ದೆ. ಎರಡೂ ಕಡೆ ಕೂತು ನೋಡಿದವರಿಗೆ ಒಂದು ಬಗೆಯ ಸುಸ್ತು ಹಿಡಿಯುತ್ತದೆ, ಅದು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ನಯಾಜ್ ಮುಖ ಊದಿಸಿಕೊಂಡು ಹೋದ. ಕೆಲವು ವಾರ ಫೋನೂ ಇಲ್ಲ. ಕಳ್ಳದಾರಿಯಲ್ಲಿ ಸಾಮಾನು ಕಳಿಸಿಯೇಬಿಟ್ಟನೇನೋ, ಬರೆಯುತ್ತೇನೆ ಎಂದ ಪತ್ರ ಬರೆಯಬೇಕಾಗುತ್ತದೇನೋ ಎಂದು ದಿನವೂ ಅಳುಕುತ್ತಿದ್ದೆ.

ಕಡೆಗೊಂದು ಸಂಜೆ ತಾನಾಗಿಯೇ ಮೆಟ್ಟಿಲು ಹತ್ತಿ ಬಂದ. ಆ ವ್ಯಾಪಾರಿಯ ಕಡೆಯವನೊಬ್ಬ ಮಾದರಿ ನೋಡಲು ಶೆಡ್ಡಿಗೆ ಬಂದಿದ್ದನಂತೆ. ಸಾಧಾರಣ ಉಕ್ಕಿನಲ್ಲಿ ಸೆಲ್ವಂ ಒಂದು ಉಂಗುರ ಮಾಡಿಟ್ಟಿದ್ದ. ಭದ್ರಾವತಿಯ ಹಳೆಯ ಟರ್ನರುಗಳಲ್ಲಿ ಒಂದು ಪದ್ಧತಿಯಿದೆ. ಮಾಡಿ ಮುಗಿಸಿದ ಮೇಲೆ ಒಳಮೈಯಲ್ಲಿ ತಮ್ಮ ಹೆಸರಿನ ಮೊದಲಕ್ಷರದ ಪಂಚ್ ಹೊಡೆಯುತ್ತಾರೆ. ನಾಳೆ ಏನಾದರೂ ಮುರಿದರೆ ಮಾಡಿದವನನ್ನು ಹಿಡಿದು ಕೇಳಬೇಕಲ್ಲ, ಅದಕ್ಕೆ. ಬಂದವನು ಅಳತೆ ಮೆಚ್ಚಿಕೊಂಡ, ಆದರೆ ಗುರುತು ಉಜ್ಜಿಸಿದ. ಅಷ್ಟೇ ಅಲ್ಲ, ಒಂದು ಉಂಗುರದ ಮೇಲೂ ಊರಿನ ಹೆಸರಾಗಲಿ, ವರ್ಕ್‌ಶಾಪಿನ ಹೆಸರಾಗಲಿ ಇರಕೂಡದು ಎಂದ. ಸೆಲ್ವಂ ಉಜ್ಜಿ ಕೊಟ್ಟನಂತೆ.

“ನಂಗ್ಯಾಕೋ ಸರಿ ಬರ್ಲಿಲ್ಲ ಮೇಡಂ,” ಎಂದ ನಯಾಜ್. “ಅರ್ಜಿ ಹಾಕಿ. ಆದದ್ದಾಗ್ಲಿ.”

ಹಾಕಿದೆವು. ಕೊನೆಗೆ ಬಳಸುವವರ ಹೆಸರು ಕೇಳಿ ವ್ಯಾಪಾರಿಗೆ ಬರೆದರೆ ಮೊದಲು ನಾಳೆ ಎಂದ, ಆಮೇಲೆ ಅದು ವ್ಯಾಪಾರದ ಗುಟ್ಟು ಎಂದ, ಆಮೇಲೆ ಉತ್ತರವೇ ಇಲ್ಲ. ಇಲಾಖೆಯಿಂದ ಎರಡು ಸಲ ಸ್ಪಷ್ಟನೆ ಕೇಳಿ ಬಂತು. ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ವ್ಯಾಪಾರಿ ಆರ್ಡರನ್ನೇ ಹಿಂದಕ್ಕೆ ತೆಗೆದುಕೊಂಡ. ನಾನು ಫೈಲು ಮುಚ್ಚಿ ವಿನೋಬನಗರದ ಮನೆಗೆ ನಡೆದುಕೊಂಡೇ ಹೋದೆ. ಗೆದ್ದೆನೋ ಸೋತೆನೋ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಭದ್ರಾವತಿಗೆ ಹೋಗಿದ್ದಾಗ ನಯಾಜನ ಶೆಡ್ಡಿಗೆ ಹೋದೆ. ಅರ್ಧ ಶೆಡ್ಡನ್ನು ಬೈಕ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದ. ಉಳಿದರ್ಧದಲ್ಲಿ ನಯಾಜ್ ಒಬ್ಬನೇ ಲೇತಿನ ಮುಂದೆ ನಿಂತಿದ್ದ. ಸೆಲ್ವಂ ಸಂಸಾರ ಕಟ್ಟಿಕೊಂಡು ತಮಿಳುನಾಡಿನ ಹೊಸೂರಿಗೆ ಹೋದನಂತೆ. ನ್ಯೂ ಟೌನಿನಲ್ಲೇ ಹುಟ್ಟಿ ಬೆಳೆದವನು, ಐವತ್ತು ದಾಟಿದ ಮೇಲೆ ಗುತ್ತಿಗೆ ಕೆಲಸ ಹುಡುಕಿಕೊಂಡು ಹೋದ. ಸಂಕಟವಾಯಿತು ನನಗೆ. ನಯಾಜ್ ತರಿಸಿದ ಚಹಾ ಕುಡಿಯುತ್ತ ಕೂತೆ.

“ಮೇಡಂ, ಅದು ನಿಜವಾಗ್ಲೂ ಹಾಲಿನ ಮಿಷನ್ನಿಗೇ ಆಗಿದ್ರೆ?” ಎಂದ ನಯಾಜ್.

ಮೇಲಿನವರಿಂದ ಖಚಿತ ಮಾಹಿತಿ ಇತ್ತು ಎಂದುಬಿಡಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವನ ಎದುರು ಆಡಲಾಗಲಿಲ್ಲ.

“ಆಗಿದ್ರೂ ಆಗಿರಬಹುದು ಮಾರಾಯ. ನಂಗೆ ಗೊತ್ತಿಲ್ಲ. ಮುಂದೂ ಗೊತ್ತಾಗಲ್ಲ.”

ಅವನು ಗ್ಲಾಸು ಕೆಳಗಿಟ್ಟ.

“ಸೆಲ್ವಂಗೆ ಮಾತ್ರ ನಾನು, ‘ಅದು ಬಾಂಬಿಗೇ ಇದ್ದಿದ್ದು ಕಣೋ, ನಿನ್ನಿಂದ್ಲೇ ತಪ್ತು’ ಅಂತ ಹೇಳಿ ಕಳಿಸಿದೀನಿ.”

ಅಣ್ವಸ್ತ್ರದ ವಿಷಯದಲ್ಲಿ ಕೆಲಸ ಸರಿಯಾಗಿ ಆಯಿತು ಅಂದರೆ ಏನೂ ಆಗಲಿಲ್ಲ ಎಂದೇ ಅರ್ಥ. ಆಗದೆ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಲೋಕದ ಸುರಕ್ಷತೆಗಾಗಿ ಊರು ಬಿಟ್ಟವನಿಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ ಎಂದು ಈ ವೃತ್ತಿ ನನಗೆ ಕಲಿಸಿದೆ. ನಯಾಜ್ ತನ್ನ ಕೈಲಾದದ್ದೊಂದನ್ನು ಸೆಲ್ವಂಗೆ ಕೊಟ್ಟು ಕಳಿಸಿದ್ದ. ನಾನು ಅದನ್ನು ತಿದ್ದಲು ಹೋಗಲಿಲ್ಲ.