ಹದಿನಾಲ್ಕು ಅಡಿಯ ಕೋಲಿನ ಮೇಲೆ ಹದಿನೈದು ಅಡಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರರು ವಿದ್ಯಾರ್ಥಿಗಳಿಗೆ ಅಂಕ ಕೊಡುತ್ತಾರೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ವಿದ್ಯಾರ್ಥಿಗಳೂ ಪ್ರೊಫೆಸರರಿಗೆ ಅಂಕ ಕೊಡುತ್ತಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಬಂದಿದ್ದರೆ ನಾನು ಎಂಜಿನಿಯರ್ ಆಗುತ್ತಿರಲಿಲ್ಲ.

ನಮ್ಮ ಕಾಲೇಜು ಇದ್ದದ್ದು ಊರಿನಲ್ಲಿ. ವರ್ಷಕ್ಕೊಮ್ಮೆ ಹದಿನೈದು ದಿನ ಸರ್ವೇ ಕ್ಯಾಂಪ್ ಎಂದು ನಮ್ಮನ್ನು ಕುಳಗಿಯ ಕಾಡಿಗೆ ಕರೆದೊಯ್ದು, ಅರಣ್ಯ ಇಲಾಖೆಯ ವಿಶ್ರಾಂತಿ ಗೃಹದ ಅಂಗಳದಲ್ಲಿ ಡೇರೆ ಹೊಡೆದು ಇಳಿಸುತ್ತಿದ್ದರು. ಕಾಡನ್ನು ಅಳೆಯಲು ಬಂದವರು ಮೊದಲು ಪ್ರೊಫೆಸರರನ್ನು ಅಳೆಯಬೇಕೆಂಬುದು ನಮ್ಮ ಹಿರಿಯ ವಿದ್ಯಾರ್ಥಿಗಳು ಹಾಕಿಕೊಟ್ಟ ಸಂಪ್ರದಾಯ. ಸಂಜೆ ಚಹಾ ಆದ ಮೇಲೆ ತೇಗದ ಮರದ ಕೆಳಗೆ ಸಭೆ. ಒಬ್ಬ ಅಧ್ಯಕ್ಷ, ಒಬ್ಬ ಬರಹಗಾರ, ಉಳಿದವರೆಲ್ಲ ನ್ಯಾಯಾಧೀಶರು. ಆ ವರ್ಷ ಅಧ್ಯಕ್ಷ ನನ್ನ ಡೇರೆಯ ಗೆಳೆಯ, ಬೆಳಗಾವಿಯವನು. ಅವನ ಅಪ್ಪ ವಕೀಲರಾದ್ದರಿಂದ ಅವನಿಗೆ ಕಾನೂನು ಗೊತ್ತಿದೆಯೆಂದು ನಾವು ನಂಬಿದ್ದೆವು. ಬರಹಗಾರ ನಾನು. ನನ್ನ ಅಕ್ಷರ ದುಂಡಗಿತ್ತು. ಅದನ್ನು ಬಿಟ್ಟರೆ ನನ್ನಲ್ಲಿ ಬೇರೆ ಗುಣ ಯಾರಿಗೂ ಕಂಡಿರಲಿಲ್ಲ.

ಒಬ್ಬೊಬ್ಬ ಪ್ರೊಫೆಸರರಿಗೂ ನೂರು ಅಂಕ. ದನಿಗೆ ಇಪ್ಪತ್ತು, ಹಿಂದಿನ ಬೆಂಚಿಗೆ ಕೇಳಬೇಕು, ಆದರೆ ಅದನ್ನು ಎಬ್ಬಿಸಬಾರದು. ಹಾಜರಿಯಲ್ಲಿ ತೋರಿಸುವ ಕರುಣೆಗೆ ಮೂವತ್ತು. ನಗೆಚಟಾಕಿಗೆ ಇಪ್ಪತ್ತು, ಹೋದ ವರ್ಷದ ಚಟಾಕಿಯನ್ನೇ ಈ ವರ್ಷವೂ ಹೇಳಿದರೆ ಅರ್ಧ. ಬೋರ್ಡಿನ ಮೇಲಿನ ಅಕ್ಷರಕ್ಕೆ ಹತ್ತು. ಪ್ರಶ್ನೆಪತ್ರಿಕೆಯ ದಯೆಗೆ ಇಪ್ಪತ್ತು. ಕಲಿಸುವುದಕ್ಕೆ ಎಷ್ಟು ಎಂದು ಈಗ ಯಾರಾದರೂ ಕೇಳಬಹುದು. ಆಗ ಯಾರೂ ಕೇಳಲಿಲ್ಲ.

ಆ ಕ್ಯಾಂಪಿಗೆ ಬಂದವರು ಇಬ್ಬರು ಪ್ರೊಫೆಸರರು. ಒಬ್ಬರನ್ನು ನಾವು ಪೇಡಾ ಸರ್ ಎನ್ನುತ್ತಿದ್ದೆವು. ಮಾತು ಹಾಗೆ ಸಿಹಿ, ಮೈಯೂ ಹಾಗೇ ದುಂಡಗೆ. ತರಗತಿಗೆ ಬಾರದವನಿಗೆ "ಬಂದಿದ್ದಿ ಅಂತ ತಿಳ್ಕೋತೇನಿ, ನೀನೂ ಹಂಗ ತಿಳ್ಕೋ" ಎಂದು ಹಾಜರಿ ಹಾಕುವ ಮಹಾನುಭಾವರು. ಕ್ಯಾಂಪಿನಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು, ನಾವು ಒಯ್ದ ಪುಸ್ತಕಕ್ಕೆಲ್ಲ "ವೆರಿ ಗುಡ್" ಎಂದು ಬರೆದು ಸಹಿ ಮಾಡುತ್ತಿದ್ದರು. ಅವರಿಗೆ ನಾವು ಕೊಟ್ಟದ್ದು ತೊಂಬತ್ತೈದು.

ಇನ್ನೊಬ್ಬರು ತೂಗುಗುಂಡು ಸರ್. ಅಳತೆಯ ಯಂತ್ರದ ಮುಕ್ಕಾಲಿಯ ಕೆಳಗೆ ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು ಜೋತಾಡುತ್ತದಲ್ಲ, ಹಾಗೆ ನೆಟ್ಟಗೆ, ಸಣ್ಣಗೆ, ಮಾತಿಲ್ಲದೆ ಎಲ್ಲರ ತಲೆಯ ಮೇಲೂ ಇರುತ್ತಿದ್ದರು. ಬಿಸಿಲಿನಲ್ಲಿ ಒಂದು ಕರೀ ಕೊಡೆ ಹಿಡಿದು ನಿಲ್ಲುತ್ತಿದ್ದರು. ನೆರಳು ತಮಗಲ್ಲ, ಯಂತ್ರಕ್ಕೆ. ಬಿಸಿಲಿಗೆ ಅದರ ಗಾಜಿನ ಕೊಳವೆಯ ಗುಳ್ಳೆ ಸರಿಯುತ್ತದೆಂದು. ನಮ್ಮ ತಲೆ ಸರಿದರೆ ಅವರಿಗೆ ಚಿಂತೆಯಿರಲಿಲ್ಲ. ಒಂದು ಅಂಕಿ ತಪ್ಪಿದರೆ "ಮತ್ತೊಮ್ಮೆ" ಎನ್ನುತ್ತಿದ್ದರು. ಅಂಕಿಯನ್ನು ರಬ್ಬರಿನಿಂದ ಒರೆಸುವುದು ಅವರಲ್ಲಿ ಮಹಾಪಾಪ. ಒಂದೇ ಗೆರೆ ಎಳೆದು, ತಪ್ಪು ಕಾಣುವಂತೆ ಬಿಟ್ಟು, ಸರಿಯಾದದ್ದನ್ನು ಮೇಲೆ ಬರೆದು ಸಹಿ ಹಾಕಬೇಕು. ಅವರಿಗೆ ನಾವು ಕೊಟ್ಟದ್ದು ಹದಿನೈದು. ಕ್ಯಾಂಪಿನಲ್ಲಿ ರಟ್ಟು ಹಾಕಿದ ಪುಸ್ತಕ ಬೇರೆ ಇಲ್ಲದ್ದರಿಂದ ಈ ತೀರ್ಪುಗಳನ್ನೆಲ್ಲ ನಾನು ಅಳತೆಯ ಅಂಕಿ ಬರೆಯುವ ನನ್ನ ಲೆವೆಲ್ ಬುಕ್ಕಿನ ಕೊನೆಯ ಹಾಳೆಯಲ್ಲೇ ಬರೆದಿಟ್ಟಿದ್ದೆ.

ಇಲ್ಲಿ ನನ್ನ ಪರಿಸ್ಥಿತಿಯನ್ನೂ ಹೇಳಬೇಕು. ನಾನು ಚಿಗಳ್ಳಿಯವನು. ಹಿಂದಿನ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದು ಒಂದು ವರ್ಷ ಕಳೆದುಕೊಂಡಿದ್ದೆ. ಅಪ್ಪ ಬೈಯಲಿಲ್ಲ. ವಿಭೂತಿ ಹಚ್ಚಿಕೊಳ್ಳುತ್ತಲೇ, "ಇನ್ನೊಂದ್ಸಲ ಆದ್ರ ಬಾ. ಎತ್ತಿಗೆ ಗಣಿತ ಬೇಕಾಗಿಲ್ಲ" ಎಂದಿದ್ದರು. ಕ್ಯಾಂಪಿನಲ್ಲಿ ಫೇಲಾದರೆ ವರ್ಷವೇ ಫೇಲು. ಶನಿವಾರ ಹೊರಗಿನ ಪರೀಕ್ಷಕರು ಬಂದು ಪುಸ್ತಕ ನೋಡುವವರಿದ್ದರು.

ನಮ್ಮ ತಂಡದ ಕೆಲಸ ಸರಳ. ವಿಶ್ರಾಂತಿ ಗೃಹದ ಕಟ್ಟೆಯ ಮೂಲೆಗಲ್ಲಿನ ಎತ್ತರವನ್ನು ನೂರು ಅಡಿ ಎಂದು ಹಿಡಿಯುವುದು. ಅಲ್ಲಿಂದ ದಾಂಡೇಲಿ ರಸ್ತೆಯ ಗುಂಟ ಎರಡು ಮೈಲು ದೂರದ ಮೋರಿಯವರೆಗೆ, ದುರ್ಬೀನಿನಲ್ಲಿ ಬಣ್ಣದ ಕೋಲನ್ನು ಓದುತ್ತ, ಏರಿಳಿತ ಬರೆದುಕೊಂಡು ಹೋಗುವುದು. ಮತ್ತೆ ಹಾಗೆಯೇ ಓದುತ್ತ ಹಿಂದಿರುಗುವುದು. ಮರಳಿ ಮೂಲೆಗಲ್ಲಿಗೆ ಬಂದಾಗ ಲೆಕ್ಕದಲ್ಲಿ ನೂರೇ ಬರಬೇಕು. ಎಷ್ಟು ಹೆಚ್ಚುಕಮ್ಮಿಯೋ ಅಷ್ಟು ನಮ್ಮ ತಪ್ಪು. ಕೋಲು ಹಿಡಿಯುವವರು ಹಳಿಯಾಳ ಕಡೆಯ ಸಿದ್ದಿಯರ ಹಳ್ಳಿಯವರೊಬ್ಬರು, ನಲವತ್ತು ದಾಟಿದವರು. ನಾವು ಅವರಿಗೆ ಕಾಕಾ ಎನ್ನುತ್ತಿದ್ದೆವು. ಎಷ್ಟೋ ಕ್ಯಾಂಪುಗಳಲ್ಲಿ ಕೋಲು ಹಿಡಿದವರಾದ್ದರಿಂದ ನಮಗಿಂತ ಅನುಭವಸ್ಥರು.

ಬುಧವಾರ ಮೋರಿಯವರೆಗೆ ಶಾಸ್ತ್ರೋಕ್ತವಾಗಿ ಹೋದೆವು. ಹಿಂದಿರುಗುವಾಗ ರಸ್ತೆಯಲ್ಲಿ ಒಂದು ಕಾಡುಕೋಣ ನಿಂತಿತ್ತು. ಇದು ನಿಜ. ಅದು ಹೋದ ಮೇಲೂ ನಾವು ಹೋಗಲಿಲ್ಲ ಎಂಬುದೂ ಅಷ್ಟೇ ನಿಜ. ಆಗಲೇ ಬಿದಿರು ತುಂಬಿದ ಲಾರಿಯೊಂದು ದಾಂಡೇಲಿ ಕಡೆ ಹೊರಟು ಬಂತು. ಅಧ್ಯಕ್ಷ ಕೈ ಅಡ್ಡ ಹಿಡಿದ.

"ಲೇ, ಅಂಬೇವಾಡಿಯೊಳಗ ಬಿಸಿ ಬಜಿ ಸಿಗತಾವು. ವಾಪಸ್ ಲೆವೆಲ್ ಏನು, ಹೋದದ್ದನ್ನ ತಿರುವಿ ಬರದ್ರ ಆತು."

"ಕಾಕಾ, ನೀವೇನ ಅಂತೀರಿ?" ಎಂದೆ ನಾನು, ಪಾಪದಲ್ಲಿ ಒಬ್ಬರಾದರೂ ಹಿರಿಯರಿರಲಿ ಎಂದು.

"ನಾ ಕೋಲ ಹಿಡಿಯಾಂವ್ರಿ. ಓದವ್ರು ನೀವು," ಎಂದರು ಕಾಕಾ. "ಬಜಿ ಅಂದ್ರ ಮಾತ್ರ ನಾನೂ ಬರ್ತೇನಿ."

ಅಂಬೇವಾಡಿಯ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಎರಡು ಮೈಲು ಕಾಡನ್ನು ನಾನು ಒಂದು ತಟ್ಟೆ ಬಜಿಯಲ್ಲಿ ಅಳೆದು ಮುಗಿಸಿದೆ. ಅಂಕಿಗಳನ್ನು ಅಲ್ಲಲ್ಲಿ ಒಂದಿಷ್ಟು ಹೆಚ್ಚು, ಒಂದಿಷ್ಟು ಕಮ್ಮಿ ಮಾಡಿ, ನಂಬುವಂತೆ ಬರೆದೆ. ಕೊನೆಯ ಅಂಕಿಯನ್ನು ಮಾತ್ರ ಲೆಕ್ಕ ಹಾಕಿ, ಉತ್ತರ ಸರಿಯಾಗಿ ನೂರು ಬರುವಂತೆ ತುಂಬಿದೆ. ತಪ್ಪು: ಸೊನ್ನೆ. ಸಂಜೆ ಪೇಡಾ ಸರ್ ಕುರ್ಚಿಯಲ್ಲೇ ಪುಸ್ತಕ ತೆರೆದು, ಕೆಳಗಿನ ಸೊನ್ನೆ ನೋಡಿ, "ಶಾಬಾಸ್! ವೆರಿ ಗುಡ್" ಎಂದು ಬರೆದು ಸಹಿ ಮಾಡಿದರು. ಅವರಿಗೆ ತೊಂಬತ್ತೈದು ಕಡಿಮೆಯಾಯಿತೇನೋ ಎಂದು ನನಗೆ ಅನ್ನಿಸಿತು.

ಗುರುವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿರುವಾಗ ತೂಗುಗುಂಡು ಸರ್ ಆ ಪುಸ್ತಕವನ್ನೇ ಬೆರಳಲ್ಲಿ ಹಿಡಿದು ಬಂದರು.

"ಕೋಲ ನಿಲ್ಲಸ್ರಿ," ಎಂದರು ಕಾಕಾನಿಗೆ. ಕಾಕಾ ಕೋಲನ್ನು ಪೂರ್ತಿ ಎಳೆದು ಅಂಗಳದಲ್ಲಿ ನಿಲ್ಲಿಸಿದರು.

"ಇದರ ಉದ್ದ ಎಷ್ಟೈತಿ?"

"ಹದಿನಾಲ್ಕ ಅಡಿ ಸರ," ಎಂದೆ.

"ಕೊನೀ ರೀಡಿಂಗ್ ಓದು."

ಓದಿದೆ. ಓದುತ್ತಿರುವಾಗಲೇ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು. ಹದಿನೈದು ಪಾಯಿಂಟ್ ಮೂರು ಐದು.

"ಎಲ್ಲೈತಿ ತೋರಸು."

ನಾನು ತಲೆಯೆತ್ತಿ ನೋಡಿದೆ. ಹದಿನಾಲ್ಕಕ್ಕೆ ಕೋಲು ಮುಗಿದಿತ್ತು. ಅದರ ಮೇಲೆ ತೇಗದ ಟೊಂಗೆ. ಟೊಂಗೆಯ ಮೇಲೆ ಒಂದು ಮುಸಿಯ ಕೂತು ನಮ್ಮನ್ನೇ ನೋಡುತ್ತಿತ್ತು.

"ಅಲ್ಲೇನ ಕಾಣತೈತಿ?"

"ಮಂಗ್ಯಾ ಸರ."

"ಹಂಗಾರ ಅದ ಓದಿ ಹೇಳಿರಬೇಕು ನಿಮಗ."

ಯಾರೂ ನಗಲಿಲ್ಲ. ಅವರೂ ನಗಲಿಲ್ಲ. ಅಧ್ಯಕ್ಷ ಕಾನೂನಿನ ಯಾವ ಅಂಶವನ್ನೂ ಎತ್ತಲಿಲ್ಲ. ನನ್ನ ಕಣ್ಣಿಗೆ ಚಿಗಳ್ಳಿಯ ಗದ್ದೆಯೂ ಎರಡೆತ್ತೂ ಬಹಳ ಸ್ಪಷ್ಟವಾಗಿ ಕಂಡವು. "ಕೋಣ ಅಡ್ಡ ಬಂದಿತ್ರೀ ಸರ" ಎಂದು ಶುರುಮಾಡಿ, ಅವರ ಮುಖ ನೋಡಿ, ನಿಲ್ಲಿಸಿ, "ಬಜಿ ತಿನ್ನಾಕ ಹೋಗಿದ್ವಿ" ಎಂದು ಮುಗಿಸಿದೆ.

"ಆ ಹಾಳಿ ಹರೀಬ್ಯಾಡ. ಒಂದ ಗೆರಿ ಎಳದು, ರದ್ದು ಅಂತ ಬರದು, ಸಹಿ ಹಾಕು. ಮುಂದಿನ ಹಾಳಿ ಖಾಲಿ ಐತೆಲ್ಲ? ನಾಳೆ ಮುಂಜಾನೆ ಆರಕ್ಕ. ನಾನೂ ಬರ್ತೇನಿ."

ಶುಕ್ರವಾರ ಆರಕ್ಕೆ ಹೊರಟೆವು. ಮೋರಿಯವರೆಗೆ, ಮೋರಿಯಿಂದ ಹಿಂದಕ್ಕೆ. ಅವರು ಒಮ್ಮೆಯೂ ಕೂರಲಿಲ್ಲ, ಒಮ್ಮೆಯೂ ಬೈಯಲಿಲ್ಲ. ಬಿಸಿಲೇರಿದಾಗ ಯಂತ್ರದ ಮೇಲೆ ಕೊಡೆ. "ಗುಳ್ಳಿ ನೋಡಿ ಓದು; ಓದಿ ಮತ್ತ ಗುಳ್ಳಿ ನೋಡು." ಎರಡು ವರ್ಷ ತರಗತಿಯಲ್ಲಿ ಕೇಳಿದ್ದು ಅಂದು ಮೊದಲ ಸಲ ನನ್ನ ಕೈಗೆ ಬಂತು. ಯಾಕೆ ಗುಳ್ಳೆ, ಯಾಕೆ ಕೊಡೆ, ಯಾಕೆ ಯಂತ್ರದಿಂದ ಎರಡೂ ಕಡೆ ಕೋಲಿನ ದೂರ ಸಮವಿರಬೇಕು, ಎಲ್ಲ ತಾನೇ ತಿಳಿಯತೊಡಗಿತು. ಕೋಣ ನಿಂತಿದ್ದ ತಿರುವಿನಲ್ಲಿ ಅವರು ಒಂದು ಗಳಿಗೆ ನಿಂತು, ಸುತ್ತ ನೋಡಿ, "ಇಲ್ಲೇನು?" ಎಂದರು. "ಹೌದ್ರಿ" ಎಂದೆವು. "ಇವತ್ತ ರಜಾ ಇರಬೇಕು ಅದಕ್ಕ" ಎಂದು ಮುಂದೆ ನಡೆದರು.

ನಾಲ್ಕಕ್ಕೆ ಮೂಲೆಗಲ್ಲಿಗೆ ಬಂದು ಮುಟ್ಟಿದೆವು. ಕೊನೆಯ ಲೆಕ್ಕ ತಾವೇ ಮಾಡುತ್ತೇನೆಂದು ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಖಾಲಿ ಜಾಗಕ್ಕಾಗಿ ಕೊನೆಯ ಹಾಳೆ ತೆರೆದರು. ಆಗ ನನಗೆ ನೆನಪಾಯಿತು. ಅಧ್ಯಕ್ಷನಿಗೂ ನೆನಪಾಯಿತು, ಅವನು ಡೇರೆಯ ಹಿಂದೆ ಯಾವುದೋ ಕೆಲಸಕ್ಕೆ ಹೋದ.

ಸರ್ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಪ್ರಶ್ನೆಪತ್ರಿಕೆ ಓದುವಷ್ಟೇ ನಿಧಾನಕ್ಕೆ ಓದಿದರು. ತಮ್ಮ ಸಾಲಿಗೆ ಬಂದು ಬೆರಳಿಟ್ಟು ನಿಂತರು.

"ಹದಿನೈದರ ಮ್ಯಾಲ ಭಾಳ ಪ್ರೀತಿ ನಿನಗ."

ಅವರ ಬೆರಳು ಸಾಲಿನ ಗುಂಟ ಸರಿಯಿತು.

"ದನಿ ನಾಲ್ಕು. ಹಾಜರಿ ಸೊನ್ನಿ. ನಗಿ ಸೊನ್ನಿ. ಅಕ್ಷರ ಹತ್ತು. ದಯಾ ಮೂರು. ಕೂಡಸು."

ಕೂಡಿಸಿದೆ. "ಹದಿನೇಳು ಸರ."

"ನೀ ಬರದಿದ್ದು?"

"ಹದಿನೈದ್ರಿ."

"ಅಂಕ ಎಷ್ಟಾದರೂ ಕೊಡು. ಎಣಿಕಿ ತಪ್ಪಬಾರದು." ಪೆನ್ಸಿಲ್ ತೆಗೆದು ಹದಿನೈದರ ಮೇಲೆ ಒಂದೇ ಗೆರೆ ಎಳೆದು, ಮೇಲೆ ಹದಿನೇಳು ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಆಮೇಲೆ ಅದೇ ಹಾಳೆಯ ಕೆಳಗೆ ನಮ್ಮ ಲೆಕ್ಕ ಮಾಡಿದರು. ತಪ್ಪು ಹೆಚ್ಚೆಂದರೆ ಒಂದು ಅಂಗುಲ. "ನಾಲ್ಕ ಮೈಲಿಗೆ ಇಷ್ಟು ಚಲೋನ ಆತು," ಎಂದರು. ಇಡೀ ಕ್ಯಾಂಪಿನಲ್ಲಿ ಅವರು "ಚಲೋ" ಎಂದದ್ದು ಅದೊಂದೇ ಸಲ, ಅದೂ ತಪ್ಪಿಗೆ.

ಶನಿವಾರ ಪರೀಕ್ಷಕರು ಬಂದರು. ಬಿಳಿ ಟೋಪಿಯ, ದಪ್ಪ ಕನ್ನಡಕದ ಮನುಷ್ಯ. ನೇರವಾಗಿ ರದ್ದಾದ ಹಾಳೆಯನ್ನೇ ತೆರೆದರು. ಹಾಗೆ ತೆರೆಯುವುದು ಪರೀಕ್ಷಕರ ಹುಟ್ಟುಗುಣ.

"ಇದ್ಯಾಕ ಹೊಡದ ಹಾಕೀರಿ?"

ತೂಗುಗುಂಡು ಸರ್ ಪಕ್ಕದಲ್ಲೇ ಕೊಡೆ ಊರಿಕೊಂಡು ನಿಂತಿದ್ದರು. ಹೇಳುವುದು ನನ್ನ ಪಾಲಿಗೇ ಬಂತು. "ಅದು ಸುಳ್ಳ್ರಿ ಸರ. ಹೋಟೆಲಿನ್ಯಾಗ ಕೂತು ಬರದದ್ದು. ಖರೇದು ಮುಂದಿನ ಹಾಳಿಯೊಳಗೈತ್ರಿ."

ಪರೀಕ್ಷಕರು ಕನ್ನಡಕ ಸರಿಸಿ ಹಾಳೆಯ ಕೆಳಗೆ ನೋಡಿದರು. "ಸುಳ್ಳಿಗೆ 'ವೆರಿ ಗುಡ್' ಅಂತ ಬರದವ್ರು ಯಾರು?"

ಬೆತ್ತದ ಕುರ್ಚಿ ಕಿರ್ ಎಂದಿತು. ಪೇಡಾ ಸರ್ ಎದ್ದು ನಿಂತರು. ಆ ಹದಿನೈದು ದಿನಗಳಲ್ಲಿ ಊಟಕ್ಕಲ್ಲದೆ ಅವರು ಎದ್ದದ್ದನ್ನು ನಾವು ನೋಡಿರಲಿಲ್ಲ. "ನಾನ್ರಿ. ಓದದ ಸಹಿ ಮಾಡಿದೆ. ಹುಡುಗೂರದು ಅರ್ಧ ತಪ್ಪು, ನಂದು ಅರ್ಧ," ಎಂದರು, ಕೆಂಪಾಗಿ.

ಪರೀಕ್ಷಕರು ಮುಂದಿನ ಹಾಳೆಯನ್ನು ಸಾಲು ಸಾಲಾಗಿ ನೋಡಿದರು. ಆಮೇಲೆ ನನ್ನನ್ನು ಯಂತ್ರದ ಬಳಿ ನಿಲ್ಲಿಸಿ, ಸಜ್ಜು ಮಾಡಿ ಓದು ಎಂದರು. ಕಾಕಾ ಕೋಲು ಹಿಡಿದರು. ನಾನು ಗುಳ್ಳೆ ನೋಡಿ ಓದಿದೆ. ಓದಿ ಮತ್ತೆ ಗುಳ್ಳೆ ನೋಡಿದೆ. ಅವರು ತಲೆಯಾಡಿಸಿ, "ಸಾಕು, ಪಾಸ್" ಎಂದು ಬರೆದರು. ಚಿಗಳ್ಳಿಯ ಎತ್ತುಗಳು ನನ್ನ ಕಣ್ಣೆದುರಿನಿಂದ ನಿಧಾನವಾಗಿ ತಿರುಗಿ ಹೊರಟುಹೋದವು.

ಸಂಜೆ ತೇಗದ ಮರದ ಕೆಳಗೆ ಕೊನೆಯ ಸಭೆ. ಪೇಡಾ ಸರ್ ಎದ್ದು ನಿಂತದ್ದಕ್ಕೆ ಎರಡಂಕ ಹೆಚ್ಚಿಸಿ, ಓದದೆ ಸಹಿ ಮಾಡಿದ್ದಕ್ಕೆ ಎರಡಂಕ ಕಳೆಯಲಾಯಿತು. ತೊಂಬತ್ತೈದು ತೊಂಬತ್ತೈದಾಗಿಯೇ ಉಳಿಯಿತು. ತೂಗುಗುಂಡು ಸರ್‌ಗೆ ಹೆಚ್ಚಿಸಬೇಕೆಂದು ನಾನು ಸೂಚಿಸಿದೆ.

"ಆಗೂದಿಲ್ಲ," ಎಂದ ಅಧ್ಯಕ್ಷ. "ಹದಿನೇಳು ಅಂತ ಅವರ ಸಹಿ ಮಾಡ್ಯಾರ. ಬದಲ ಮಾಡಬೇಕಂದ್ರ ಮತ್ತ ಮೊದಲಿಂದ ಅಳೀಬೇಕು. ಕುಂತು ಬರಿಯಂಗಿಲ್ಲ."

ಚಹಾದ ಕೆಟಲು ಎತ್ತಿಡಲು ಬಂದಿದ್ದ ಕಾಕಾ ಅಲ್ಲೇ ನಿಂತು ಕೇಳಿದರು. "ಅವ್ರಿಗೆ ಎಷ್ಟ ಕೊಟ್ರಿ? ಹದಿನೇಳಾ? ನೂರಕ್ಕ?" ಎಂದು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ನಿಮ್ಮ ಕೋಲ ಸಣ್ಣದೈತಿ ಬಿಡ್ರಿ," ಎಂದು ಕೆಟಲು ತೆಗೆದುಕೊಂಡು ಹೋದರು.

ಕೊನೆಯ ವರ್ಷದಲ್ಲಿ ಎರಡು ವಿಷಯಗಳ ಪೈಕಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಒಂದನ್ನು ಪೇಡಾ ಸರ್ ಕಲಿಸುತ್ತಿದ್ದರು, ಇನ್ನೊಂದನ್ನು ತೂಗುಗುಂಡು ಸರ್. ಸಾಮಾನ್ಯವಾಗಿ ಎರಡನೆಯದಕ್ಕೆ ಹೆಸರು ಬರೆಸುವವರು ಅರ್ಜಿ ತಡವಾಗಿ ಕೊಟ್ಟವರು ಮಾತ್ರ. ಆ ವರ್ಷ ನಮ್ಮ ತಂಡದವರೆಲ್ಲ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಮೊದಲ ದಿನವೇ ಹೋಗಿ ಬರೆಸಿದೆವು. ಸರ್ ಹಾಜರಿ ಕರೆದು, ನಮ್ಮ ಬೆಂಚಿನ ಕಡೆ ನೋಡಿದರು.

"ಏನು, ಮತ್ತ ಅಳ್ಯಾಕ ಬಂದೀರಿ?"

"ಹೌದ್ರಿ ಸರ."

"ಬರ್ರಿ. ಈ ಸಲ ಎಣಿಕಿ ಸರಿ ಮಾಡ್ರಿ." ಬೋರ್ಡಿನ ಕಡೆ ತಿರುಗಿ, ಆ ಚಂದದ ಅಕ್ಷರದಲ್ಲಿ ಬರೆಯತೊಡಗಿದರು.

ಇದು ನಗೆಚಟಾಕಿಯೋ ಅಲ್ಲವೋ ಎಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಬಹುಮತದಿಂದ ಹೌದೆಂದು ತೀರ್ಮಾನವಾಗಿ, ಹಳೆಯ ಲೆವೆಲ್ ಬುಕ್ಕಿನಲ್ಲಿ ಆ ಕಾಲಮ್ಮಿನ ಸೊನ್ನೆಗೆ ಒಂದೇ ಗೆರೆ ಎಳೆದು, ಮೇಲೆ ಎರಡು ಎಂದು ಬರೆದು, ನಾನು ಸಹಿ ಹಾಕಿದೆ. ಒಟ್ಟು ಹತ್ತೊಂಬತ್ತು. ಎರಡು ಸಲ ಕೂಡಿಸಿ ನೋಡಿದೆ.