ಚೇಟ್ಟ ಹೇಳಿದ ಮುಂದಿನ ಮಾಡೆಲ್

ಗೇಮ್ ಕನ್ಸೋಲ್ ಇಟ್ಟುಕೊಂಡಿದ್ದೆ ಎಂದರೆ ಜನ ಮೊದಲು ನನ್ನ ತಲೆಯ ನರೆಗೂದಲು ನೋಡುತ್ತಾರೆ, ಆಮೇಲೆ ಏನು ಕೆಲಸ ಎಂದು ಕೇಳುತ್ತಾರೆ. ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಲವತ್ತು ದಾಟಿದ ಟೀಚರಿಗೆ ಇದೆಂಥ ಮರುಳು ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿಗೆ, ಸಂಬಳ ನನ್ನದು, ಕಣ್ಣೂ ನನ್ನದು ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ. ಬೇರೆಯವರು ಬಳೆ ತೆಗೆದುಕೊಳ್ಳುವ ಹಾಗೆ ನಾನು ಅದನ್ನು ತೆಗೆದುಕೊಂಡೆ, ಅಷ್ಟೆ.

ಕಂಡಿಲ್ಲದವರಿಗಾಗಿ ಹೇಳುತ್ತೇನೆ. ಅದು ಮನೆಯಲ್ಲಿ ಟಿವಿಗೂ ಆಗುತ್ತದೆ, ಬಸ್ಸಿನಲ್ಲಿ ಕೈಗೂ ಆಗುತ್ತದೆ. ನಡುವೆ ಒಂದು ಪರದೆ, ಎಡಕ್ಕೊಂದು ಬಲಕ್ಕೊಂದು ಹಿಡಿಕೆ. ಹಿಡಿಕೆಗಳನ್ನು ಜಾರಿಸಿ ಕಳಚಬಹುದು. ಪರದೆಯನ್ನು ಅದರ ಬೆನ್ನಿಗಿರುವ ಕಾಲಿನ ಮೇಲೆ ಮೇಜಿನಲ್ಲಿ ನಿಲ್ಲಿಸಿ, ಹಿಡಿಕೆಗಳನ್ನು ಕೈಯಲ್ಲಿಟ್ಟುಕೊಂಡು ದೂರದಿಂದಲೇ ಆಡಬಹುದು. ನನ್ನ ಇಷ್ಟದ ಆಟದಲ್ಲಿ ಒಂದು ನರಿಮರಿ ಓಡುತ್ತಾ ಹಳ್ಳಕೊಳ್ಳ ಹಾರಬೇಕು. ಎಡ ಹಿಡಿಕೆಯ ಕಡ್ಡಿಯಿಂದ ಓಡಿಸುವುದು, ಬಲ ಹಿಡಿಕೆಯ ಗುಂಡಿಯಿಂದ ಹಾರಿಸುವುದು. ಎರಡು ಕೈ ಇಲ್ಲದೆ ನಡೆಯುವ ಕೆಲಸ ಅಲ್ಲ.

ಕಿಡ್ನಿಗಳು ಕೈಕೊಟ್ಟ ಮೇಲೆ ವಾರಕ್ಕೆರಡು ದಿನ ನಾನು ಒಂಟಿ ಕೈಯವಳಾದೆ. ಪುತ್ತೂರಿನ ಡಯಾಲಿಸಿಸ್ ಕೋಣೆಯಲ್ಲಿ ಎಡತೋಳಿಗೆ ಎರಡು ಸೂಜಿ ಚುಚ್ಚಿ ಮಲಗಿಸುತ್ತಿದ್ದರು. ಒಂದು ನಳಿಗೆಯಲ್ಲಿ ರಕ್ತ ಹೊರಗೆ ಹೋಗಿ, ಮಿಷಿನ್‌ನಲ್ಲಿ ತೊಳೆಸಿಕೊಂಡು, ಇನ್ನೊಂದರಲ್ಲಿ ವಾಪಸು ಬರುತ್ತಿತ್ತು. ನಾಲ್ಕು ಗಂಟೆ ಆ ಕೈ ಮಡಚುವಂತಿಲ್ಲ. ಕನ್ಸೋಲನ್ನು ಅಲ್ಲಿಗೆ ಒಯ್ದದ್ದು ನನ್ನ ಹಟದಿಂದ. ಮೊದಲ ದಿನ ಬಲಗೈ ಒಂದರಿಂದಲೇ ಒದ್ದಾಡಿ, ನರಿಮರಿಯನ್ನು ಒಂದೇ ಹೊಂಡಕ್ಕೆ ಮತ್ತೆ ಮತ್ತೆ ಬೀಳಿಸಿದೆ.

ಪಕ್ಕದ ಹಾಸಿಗೆಯವರು ಅದನ್ನು ನೋಡುತ್ತಿದ್ದರು. ಅರವತ್ತು ಕಳೆದ ಗಂಡಸು, ಕಡಬದಿಂದ ಒಳಗೆ ರಬ್ಬರ್ ತೋಟ ಇರುವವರು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಗುಡ್ಡ ಹತ್ತಿ ಬಂದ ಕ್ರೈಸ್ತ ಕುಟುಂಬ. ನಾನು ಅವರನ್ನು ಚೇಟ್ಟಾ ಎಂದು ಕರೆಯುತ್ತಿದ್ದೆ, ಅವರ ಮಲಯಾಳದಲ್ಲಿ ಅಣ್ಣ ಎಂದು ಅರ್ಥ. ಅವರದ್ದೂ ಎಡತೋಳು ಸೂಜಿಗೆ ಒತ್ತೆಯಾಗಿತ್ತು. ಬಲಗೈ ಚಾಚಿ ಹೇಳಿದರು:

“ಟೀಚರೇ, ಒಂದು ಕೈಯಲ್ಲಿ ಚಪ್ಪಾಳೆ ಆಗುದಿಲ್ಲ. ಆ ಎಡದ ತುಂಡು ಇತ್ತ ಕೊಡಿ. ನಾನು ಓಡಿಸ್ತೇನೆ, ನೀವು ಹಾರಿಸಿ.”

ಹಾಗೆ ನಾವು ಇಬ್ಬರು ಸೇರಿ ಒಬ್ಬನೇ ಆಟಗಾರ ಆದೆವು. ಊಟದ ಸ್ಟ್ಯಾಂಡನ್ನು ಎರಡು ಹಾಸಿಗೆಗಳ ನಡುವೆ ಎಳೆದು ಪರದೆ ನಿಲ್ಲಿಸುತ್ತಿದ್ದೆವು. ಚೇಟ್ಟ ಹೊಂಡದ ಅಂಚು ಬರುವ ಮೊದಲೇ ವೇಗ ಹೆಚ್ಚಿಸುತ್ತಿದ್ದರು, ಹೇಳುತ್ತಿರಲಿಲ್ಲ. ನಾನು ಹಾರಿಸಿದಾಗ ನಿಂತುಬಿಡುತ್ತಿದ್ದರು. ನರಿಮರಿಯ ಮರಣಕ್ಕೆ ಯಾರು ಕಾರಣ ಎಂದು ನಾವು ಮಾಡಿದ ಜಗಳಗಳಿಗೆ ಲೆಕ್ಕವಿಲ್ಲ. ಬಿ.ಪಿ. ಏರಿದರೆ ಎರಡೂ ತುಂಡು ಕಿತ್ತುಕೊಂಡು ಹೋಗುತ್ತೇನೆ ಎಂದು ಸಿಸ್ಟರ್ ಹೆದರಿಸುತ್ತಿದ್ದರು. ತಿಂಗಳೊಳಗೆ ನಮಗೆ ಮಾತೇ ಬೇಡವಾಯಿತು. ಅವರ ಹೆಬ್ಬೆರಳು ಎಲ್ಲಿ ತಡೆಯುತ್ತದೆ ಎಂದು ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ಆದರೆ ಬ್ಯಾಟರಿ ಹಳತಾಗಿತ್ತು, ನಾಲ್ಕು ಗಂಟೆ ಬಾಳುತ್ತಿರಲಿಲ್ಲ. ಗೋಡೆಯ ಪ್ಲಗ್ಗುಗಳೆಲ್ಲ ಮಿಷಿನ್‌ಗಳಿಗೆ, ಚಾರ್ಜರ್ ಸಿಕ್ಕಿಸಲು ಬಿಡುತ್ತಿರಲಿಲ್ಲ. ಹಾಗಾಗಿ ಕೊನೆಯ ಒಂದು ಗಂಟೆ ಪರದೆ ಕಪ್ಪಾಗಿ ನಿಂತಿರುತ್ತಿತ್ತು. ಡಯಾಲಿಸಿಸ್‌ನಲ್ಲಿ ಕೆಟ್ಟದ್ದು ಆ ಗಂಟೆಯೇ. ಮೈಯ ನೀರು ಇಳಿದು ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಹಗುರಾಗುತ್ತದೆ, ಮನೆಯವರ ಮೇಲೆ, ದೇವರ ಮೇಲೆ ಸಿಟ್ಟು ಬರುತ್ತದೆ. ಆ ಗಂಟೆಯನ್ನು ದಾಟಿಸಲು ನಾವು ಕಂಡುಕೊಂಡ ದಾರಿ, ಮುಂದಿನ ಮಾಡೆಲ್ ಹೇಗಿರಬಹುದು ಎಂಬ ಚರ್ಚೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ ನಾವು ಆ ಕಂಪನಿಯ ಪರವಾಗಿ ಎಷ್ಟು ಮಾಡೆಲ್ ತಯಾರಿಸಿದೆವೋ! ಪರದೆ ದೊಡ್ಡದಾಗಲಿ ಎಂದು ನಾನು ಹೇಳಿದರೆ, ದೊಡ್ಡ ಪರದೆ ಬ್ಯಾಟರಿ ತಿನ್ನುತ್ತದೆ ಎಂದು ಅವರು. ಹಿಡಿಕೆಗಳು ಹಳಿಯಲ್ಲಿ ಜಾರುವ ಬದಲು ಅಯಸ್ಕಾಂತದಿಂದ ಅಂಟಲಿ ಎಂದರೆ, ಜೀಪಿನಲ್ಲಿ ಒಂದು ಕುಲುಕಿಗೆ ಬಿದ್ದು ಹೋಗುತ್ತದೆ ಎಂದು ಅವರು. ನಮ್ಮ ಎಡ ಹಿಡಿಕೆಯ ಕಡ್ಡಿ ಯಾರೂ ಮುಟ್ಟದಿದ್ದರೂ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅದೊಂದು ಸರಿಯಾದರೆ ಸಾಕು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದೆವು. ಮನೆಯಲ್ಲಿ ಅವರು ಮಲಯಾಳ ಯೂಟ್ಯೂಬಿನಲ್ಲಿ ಗಾಳಿಸುದ್ದಿಗಳನ್ನೆಲ್ಲ ನೋಡಿಕೊಂಡು, ಪೇಟೆಯ ಧಾರಣೆ ತಿಳಿದು ಬಂದವರ ಗತ್ತಿನಲ್ಲಿ ಹಾಸಿಗೆ ಏರುತ್ತಿದ್ದರು.

ಅವರು ಎಲ್ಲವನ್ನೂ ರಬ್ಬರ್ ತಳಿಯ ಲೆಕ್ಕದಲ್ಲಿ ನೋಡುವವರು. ನೂರೈದು ಎಂಬ ತಳಿ ಬಂದಾಗ ಹಾಲು ಹೆಚ್ಚೆಂದು ಎಲ್ಲರೂ ಅದನ್ನೇ ನೆಟ್ಟರಂತೆ, ಆಮೇಲೆ ಅದಕ್ಕೆ ಎಲೆ ಉದುರುವ ರೋಗ ಹಿಡಿಯಿತಂತೆ. ರೋಗ ತಡೆಯುವ ಇನ್ನೊಂದು ಬಂದಾಗ ಅದರಲ್ಲಿ ಬೇರೊಂದು ಕೊರತೆ. ಪ್ರತಿ ಹೊಸತು ಹಳೆಯ ಒಂದು ದೂರನ್ನು ತೀರಿಸುತ್ತದೆ, ತನ್ನದೇ ಒಂದು ದೂರನ್ನು ತರುತ್ತದೆ ಎಂಬುದು ಅವರ ಸಿದ್ಧಾಂತ. ಕೇಳಲು ಚಂದ, ಆದರೆ ಅವರ ಭವಿಷ್ಯವಾಣಿಗಳು ನಿಜವಾದದ್ದು ಬಹಳ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ನಿಜವಾಗಿ ಕೋಪ ಬರುತ್ತಿತ್ತು. ಮುಂದಿನದ್ದು ಒಂದೇ ತುಂಡಿನದ್ದಾಗಿ ಬರುತ್ತದೆ, ಹಿಡಿಕೆ ಕಳಚಲು ಆಗುವುದಿಲ್ಲ ಎಂದು ಅವರು ಪಟ್ಟು ಹಿಡಿದಿದ್ದರು. ಹಿಂದೆ ಅಂಥ ಒಂದು ಚಿಕ್ಕ ಮಾಡೆಲ್ ಬಂದದ್ದು ನಿಜ. ಆದರೆ ಇನ್ನು ಬರುವುದೆಲ್ಲ ಹಾಗೆಯೇ, ಹಾಗೆಯೇ ಆಗಬೇಕು ಎನ್ನುತ್ತಿದ್ದರು. ಹಾಗಾದರೆ ನಮ್ಮಂಥವರು ಆಡುವುದು ಹೇಗೆ ಎಂದು ಕೇಳಿದರೆ ನಗುತ್ತಿದ್ದರು. ತಾನು ಕೂತ ಕೊಂಬೆಯನ್ನೇ ಕಡಿಯುವ ಮನುಷ್ಯ ಎಂದು ನಾನು ಅವರಿಗೆ ಮುಖದ ಮೇಲೆಯೇ ಹೇಳಿದ್ದೇನೆ.

ಆ ಹೊತ್ತಿಗೆ ಅಕ್ಕ ತನ್ನ ಒಂದು ಕಿಡ್ನಿ ನನಗೆ ಕೊಡುವುದಾಗಿ ಹೇಳಿ ತಿಂಗಳುಗಳಾಗಿದ್ದವು. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಈಶ್ವರಮಂಗಲದ ಕಡೆಗೆ. ಮಂಗಳೂರಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡಳು, ಎಲ್ಲ ಹೊಂದಿಕೆಯಾಯಿತು. ಭಾನುವಾರ ಭಾನುವಾರ ಫೋನು ಮಾಡಿ ಯಾವಾಗ ಎಂದು ಕೇಳುವಳು. ನಾನು ಒಮ್ಮೆ ಶಾಲೆಯ ಪರೀಕ್ಷೆ, ಒಮ್ಮೆ ಮೌಲ್ಯಮಾಪನ, ಒಮ್ಮೆ ಮಳೆಗಾಲ ಎಂದು ದೂಡುವೆ. ಅವಳಿಗೆ ಏನಾದರೂ ಆದರೆ ಎಂಬ ಹೆದರಿಕೆ ಇತ್ತು. ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಚಿಕ್ಕಂದಿನಿಂದ ನಾವು ದಿನಕ್ಕೊಮ್ಮೆ ಜಗಳ ಆಡದೆ ಇದ್ದವರಲ್ಲ. ಅಷ್ಟು ದೊಡ್ಡದನ್ನು ಅವಳಿಂದ ತೆಗೆದುಕೊಂಡ ಮೇಲೆ ಅವಳೊಡನೆ ಜಗಳ ಆಡುವುದು ಹೇಗೆ?

ಒಂದು ದಿನ ಪರದೆ ಕಪ್ಪಾದ ಮೇಲೆ ನಾನೇ ಹೊಸ ಸುದ್ದಿ ತೆಗೆದೆ. ಸೊಂಟಕ್ಕೆ ಕಟ್ಟಿಕೊಂಡು ಓಡಾಡುವಂಥ ಡಯಾಲಿಸಿಸ್ ಯಂತ್ರಕ್ಕೆ ಎಲ್ಲೋ ಪ್ರಯೋಗ ನಡೆಯುತ್ತಿದೆ ಎಂದು ಒಂದು ವಿಡಿಯೋ ನೋಡಿದ್ದೆ. ಅದು ಬಂದರೆ ಸೂಜಿಯಿಲ್ಲ, ಹಾಸಿಗೆಯಿಲ್ಲ, ಅಕ್ಕನ ಹೊಟ್ಟೆ ಕೊಯ್ಯುವುದೂ ಬೇಡ, ಸ್ವಲ್ಪ ಕಾದರಾಯಿತು ಎಂದು ಉತ್ಸಾಹದಿಂದ ಹೇಳಿದೆ. ಅಕ್ಕನ ವಿಷಯ ಚೇಟ್ಟ ಕೇಳಿದ್ದು ಅದೇ ಮೊದಲು. ಎಲ್ಲ ಹೊಂದಿಕೆಯಾಗಿದೆಯೇ ಎಂದು ಕೇಳಿದರು. ಹೌದೆಂದೆ.

ಆಮೇಲೆ ಹೇಳಿದ್ದು ಅವರ ತಮ್ಮನ ಸುದ್ದಿ. ಅವರಿಗೆ ಕಾಯಿಲೆ ಶುರುವಾದ ಹೊಸತರಲ್ಲಿ ತಮ್ಮ ಕೊಡಲು ಮುಂದೆ ಬಂದಿದ್ದನಂತೆ. ಎಂತ ಅವಸರ, ಏನಾದರೂ ಒಂದು ಹೊಸ ಮದ್ದು ಬರುತ್ತದೆ ಎಂದು ಇವರೇ ಬೇಡವೆಂದರಂತೆ. ಮದ್ದು ಬರಲಿಲ್ಲ. ಬಂದದ್ದು ಇವರಿಗೆ ಹೃದಯದ ತೊಂದರೆ. ಇನ್ನು ಈ ಮೈ ಆಪರೇಷನ್ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ತಮ್ಮ ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಪ್ರತಿ ಕ್ರಿಸ್ಮಸಿಗೆ ಬಂದು ಎದುರು ಕೂರುತ್ತಾನೆ ಎಂದರು.

“ತೋಟ ಮಾಡುವವ ಇದ್ದ ಸಸಿ ನೆಡುದು ಟೀಚರೇ. ಮುಂದಿನ ತಳಿಗೆ ಕಾದು ಕೂತವನ ಗುಡ್ಡೆಯಲ್ಲಿ ಮುಳ್ಳು ಮಾತ್ರ ಉಂಟು. ಅದು ನನ್ನ ಗುಡ್ಡೆ.”

ನನಗೆ ಅಳು ಬರುವ ಬದಲು ಸಿಟ್ಟು ಬಂತು. ನಾನು ಹೋದರೆ ಬಲದ ಹಿಡಿಕೆ ಯಾರು ಹಿಡಿಯುತ್ತಾರೆ, ನೀವು ಒಬ್ಬರೇ ಎಂತ ಮಾಡುತ್ತೀರಿ ಎಂದು ಕೇಳಿಬಿಟ್ಟೆ. ಈ ಕೋಣೆಗೆ ಜನ ಕಡಿಮೆಯಾದದ್ದನ್ನು ತಾನು ಕಂಡಿಲ್ಲ, ಅದರ ಚಿಂತೆ ನನಗೆ ಬೇಡ ಎಂದರು. ಸಿಸ್ಟರ್ ಬಂದು ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿದರು. ನಾವು ಒಬ್ಬರನ್ನೊಬ್ಬರು ನೋಡದೆ ಒತ್ತಿ ಹಿಡಿದುಕೊಂಡು ಕೂತೆವು. ಆ ಭಾನುವಾರ ಅಕ್ಕ ಫೋನು ಮಾಡುವ ಮೊದಲು ನಾನೇ ಮಾಡಿದೆ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅಕ್ಕ ನನಗಿಂತ ಮೊದಲು ಎದ್ದು ನಡೆದಳು, ನಡೆದು ಬಂದು ನನ್ನ ಹಾಸಿಗೆಯ ಚಾದರ ಸರಿಯಿಲ್ಲ ಎಂದು ತಗಾದೆ ತೆಗೆದಳು. ನಾನು ಎದುರು ಮಾತಾಡಿದೆ. ಜಗಳ ಆಡುವುದು ಹೇಗೆ ಎಂಬ ನನ್ನ ಭಯ ಅಲ್ಲಿಗೆ ಮುಗಿಯಿತು. ಈಗ ಬೆಳಿಗ್ಗೆ ದೊಡ್ಡ ಲೋಟದಲ್ಲಿ ನೀರು ಕುಡಿಯುವಾಗೆಲ್ಲ ಅವಳ ನೆನಪಾಗುತ್ತದೆ. ಡಯಾಲಿಸಿಸಿನ ದಿನಗಳಲ್ಲಿ ನೀರನ್ನು ಔಷಧಿಯ ಹಾಗೆ ಅಳೆದು ಕುಡಿದವರಿಗೆ ಮಾತ್ರ ಆ ಲೋಟದ ಸುಖ ಗೊತ್ತು. ನಾನು ಅವಳಿಗೆ ಋಣಿ ಎಂದು ಬಾಯಿಬಿಟ್ಟು ಹೇಳಿದರೆ ಬೈಯುತ್ತಾಳೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಕನ್ಸೋಲನ್ನು ಚೇಟ್ಟನಿಗಾಗಿ ಆ ಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಸೋಂಕು ತಗಲಬಾರದೆಂದು ಬಹಳ ಕಾಲ ನನ್ನನ್ನು ಎಲ್ಲಿಗೂ ಬಿಡಲಿಲ್ಲ. ಕೊನೆಗೆ ಒಪ್ಪಿಗೆ ಸಿಕ್ಕಿದಾಗ ಮಾಸ್ಕ್ ಹಾಕಿಕೊಂಡು ಅಕ್ಕನೊಡನೆ ಪುತ್ತೂರಿಗೆ ಹೋದೆ. ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ನಾನು ಕೋಣೆಯ ಬಾಗಿಲಲ್ಲಿ ನಿಂತೆ.

ಚೇಟ್ಟ ಸ್ವಲ್ಪ ಸೊರಗಿದ್ದರು. ನನ್ನ ಹಾಸಿಗೆಯಲ್ಲಿ ಬೇರೆಯವನಿದ್ದ, ಗುಂಡ್ಯದ ಹೋಟೆಲೊಂದರಲ್ಲಿ ಪರೋಟ ಮಾಡುವವನಂತೆ. ಬಲದ ಹಿಡಿಕೆ ಅವನ ಕೈಯಲ್ಲಿತ್ತು. ನನಗೆ ಆದದ್ದು ಹೊಟ್ಟೆಕಿಚ್ಚು, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಪರದೆ ಆಗಲೇ ಕಪ್ಪಾಗಿತ್ತು. ಚೇಟ್ಟ ಅವನಿಗೆ ಮುಂದಿನ ಮಾಡೆಲ್ ಒಂದೇ ತುಂಡಿನದ್ದು ಎಂದು ಹೇಳುತ್ತಿದ್ದರು. ಅವನು ನನ್ನ ಹಾಗೆಯೇ ಸಿಟ್ಟಾಗಿ, ಹಾಗೆ ಮಾಡಿದರೆ ನಾವು ಆಡುವುದು ಹೇಗೆ ಎಂದು ವಾದಿಸುತ್ತಿದ್ದ.

ಇನ್ನೂ ಅದೇ ರಾಗವೇ ಎಂದು ನಾನು ಬಾಗಿಲಿನಿಂದಲೇ ಕೇಳಿದೆ. ಚೇಟ್ಟ ತಿರುಗಿ ನೋಡಿದರು. ನನ್ನ ಮುಖವನ್ನಲ್ಲ, ಮೊದಲು ನನ್ನ ಕೈಗಳನ್ನು ನೋಡಿದರು.

“ಒಂದೇ ತುಂಡಿನದ್ದು ನಮಗೆ ಅಲ್ಲ ಟೀಚರೇ. ಇಲ್ಲಿಂದ ಹೊರಗೆ ಹೋಗಿ ಎರಡು ಕೈ ವಾಪಸು ಸಿಕ್ಕಿದವರಿಗೆ ಅದು. ಅದಕ್ಕೇ ಅದು ಬರ್ಲಿ ಅಂತ ನಾನು ಹೇಳುದು. ನಿಮಗೂ ಅದನ್ನೇ ಹೇಳಿದ್ದು, ಇವನಿಗೂ ಅದನ್ನೇ ಹೇಳ್ತಾ ಇದ್ದೇನೆ.”

ಆಮೇಲೆ, ಈ ಕೋಣೆಯ ಗಾಳಿ ನಿಮಗೆ ಒಳ್ಳೆಯದಲ್ಲ, ಹೊರಡಿ ಎಂದು ಗದರಿದರು.

ಅಕ್ಕ ನನ್ನ ಕಣ್ಣು ನೋಡಿ, ಅವರಿಗೆ ಏನಾದರೂ ಆಯಿತೇ ಎಂದು ಗಾಬರಿಯಾದಳು. ಏನೂ ಆಗಿಲ್ಲ, ನನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ, ಅವನನ್ನೂ ಓಡಿಸುವ ಯೋಚನೆಯಲ್ಲಿ ಇದ್ದಾರೆ ಎಂದೆ. ಅದಕ್ಕೆ ಯಾಕೆ ಅಳುವುದು ಎಂದು ಬೈದಳು. ನಾನು ಎರಡೂ ಕೈಯಿಂದ ಅವಳ ಕೈಯನ್ನು ಹಿಡಿದುಕೊಂಡೆ. ಬಸ್ಸು ತಪ್ಪುತ್ತದೆ ಎಂದು ಬಿಡಿಸಿಕೊಂಡು ಅವಳು ಮುಂದೆ ನಡೆದಳು.