ರಾಜಿ ಗಂಗಾಧರಯ್ಯ ಮತ್ತು ಎಳೆಯ ನಕ್ಷತ್ರ

ನಗರದೊಳಗೆ ಸೇರಿಹೋದ ಜರಗನಹಳ್ಳಿಯಲ್ಲಿ ಯಾರ ಮನೆಯಲ್ಲಿ ಜಗಳ ಎದ್ದರೂ ಅದು ಕೊನೆಗೆ ಬಂದು ಕೂರುವುದು ನಮ್ಮ ಮನೆಯ ಜಗಲಿಯ ಮೇಲೆ. ಅಣ್ಣತಮ್ಮಂದಿರ ಗೋಡೆ ಜಗಳ, ನೀರಿನ ಟ್ಯಾಂಕರ್ ಜಗಳ, ಯಾರ ಸ್ಕೂಟರು ಯಾರ ಬಾಗಿಲಿಗೆ ಅಡ್ಡ ನಿಂತಿತು ಎಂಬ ಜಗಳ. ನಮ್ಮ ಯಜಮಾನರು ಗಂಗಾಧರಯ್ಯನವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಒಬ್ಬ ಗೋಡೆ ಇಲ್ಲಿ ಬರಬೇಕು ಎನ್ನುತ್ತಾನೆ, ಇನ್ನೊಬ್ಬ ಅಲ್ಲಿ ಎನ್ನುತ್ತಾನೆ. ಇವರು ಸರಿಯಾಗಿ ನಡುವೆ ಗೆರೆ ಎಳೆದು, ಕಾಫಿ ಕುಡಿಸಿ ಕಳಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೋಗುವಾಗ ಇಬ್ಬರೂ ಒಂದೇ ಸಮ ಗೊಣಗಿದರೆ ನ್ಯಾಯ ಸರಿಯಾಗಿದೆ ಅಂತ ಇವರ ಲೆಕ್ಕ. ಊರಿನವರು ಇಟ್ಟ ಹೆಸರು ರಾಜಿ ಗಂಗಾಧರಯ್ಯ. ನಾನು ಅವರ ಹೆಂಡತಿ ನಾರಾಯಣಮ್ಮ. ಕಾಫಿ ಮಾಡುವವಳು ನಾನೇ ಆದ್ದರಿಂದ ಈ ರಾಜಿಗಳ ಬಗ್ಗೆ ನನಗೂ ಒಂದು ಅಭಿಪ್ರಾಯ ಇದೆ. ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಮನುಷ್ಯನಿಗೆ ನಕ್ಷತ್ರದ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ನಕ್ಷತ್ರ ಎಂದರೆ ಅವರಿಗೆ ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಯಾವುದಕ್ಕೆ ಉಳಬೇಕು, ಯಾವುದಕ್ಕೆ ರಾಗಿ ಬಿತ್ತಬೇಕು ಎಲ್ಲ ಬಾಯಿಪಾಠ. ಹೊಲದ ಮೇಲೆ ಮೂರು ಮಹಡಿಯ ಬಾಡಿಗೆ ಮನೆ ಎದ್ದ ಮೇಲೆ ಆ ಹೆಸರುಗಳು ಪಂಚಾಂಗದಲ್ಲೇ ಉಳಿದವು. ಒಂದು ಸಂಜೆ ಜಯನಗರದ ಪಾರ್ಕಿನಲ್ಲಿ ಯಾವುದೋ ಖಗೋಳ ಕ್ಲಬ್ಬಿನವರು ಟೆಲಿಸ್ಕೋಪು ನಿಲ್ಲಿಸಿ ಹೋಗಿಬರುವವರಿಗೆಲ್ಲ ಆಕಾಶ ತೋರಿಸುತ್ತಿದ್ದರು. ಮೃಗಶಿರದ ಕೆಳಗೆ ಸಾಲಾಗಿ ಮೂರು ನಕ್ಷತ್ರ ಇದೆಯಲ್ಲ, ಅದಕ್ಕೂ ಕೆಳಗೆ ಮಂಜಿನಂಥ ಒಂದು ಮಚ್ಚೆ. ಕ್ಲಬ್ಬು ನಡೆಸುವ ಚೈತನ್ಯ ಎಂಬ ಎಂಜಿನಿಯರ್ ಇವರಿಗೆ ಅದನ್ನು ತೋರಿಸಿ, "ಅಂಕಲ್, ಅಲ್ಲಿ ಈಗ್ಲೂ ನಕ್ಷತ್ರ ಹುಟ್ತಾ ಇವೆ" ಅಂದನಂತೆ.

ಮನೆಗೆ ಬಂದವರು ಊಟ ಬಿಟ್ಟು ಅದನ್ನೇ ಹೇಳಿದರು. "ನಾನು ಎಲ್ಲಾ ಅಜ್ಜಂದಿರು ಅಂದ್ಕೊಂಡಿದ್ದೆ ಕಣೇ. ಕೂಸುಗಳೂ ಇವೆಯಂತೆ." ಮುಂದಿನ ತಿಂಗಳು ಟೆಲಿಸ್ಕೋಪು ಮನೆಗೆ ಬಂತು. ಕನಕಪುರ ರಸ್ತೆಯ ದೀಪಗಳು ಕಣ್ಣಿಗೆ ಹೊಡೆಯುತ್ತವೆ ಅಂತ ನನ್ನ ಹಳೇ ಛತ್ರಿಗಳ ಕರೀ ಬಟ್ಟೆ ಬಿಚ್ಚಿ ತಾರಸಿ ಮೇಲೆ ಪರದೆ ಕಟ್ಟಿದರು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ನಾನು ನಕ್ಕೆ. ಆದರೆ ಅಗಸ ಹಳಬನಾದ ಮೇಲೂ ಒಗೆಯುವುದು ನಿಲ್ಲಲಿಲ್ಲ.

ಕ್ಲಬ್ಬಿನವರು ಒಬ್ಬೊಬ್ಬರಿಗೆ ಒಂದೊಂದು ಎಳೆಯ ನಕ್ಷತ್ರ ಹಂಚಿದ್ದರು. ನಮ್ಮ ಪಾಲಿಗೆ ಬಂದದ್ದು ಆ ಮಂಜಿನ ಅಂಚಿನಲ್ಲಿರುವ ಒಂದು ಚುಕ್ಕಿ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರು, ಮನೆಯಲ್ಲಿ ನಾವು ಕೂಸು ಅನ್ನುತ್ತೇವೆ. ಎಳೆಯ ನಕ್ಷತ್ರದ ಬೆಳಕು ಒಂದೇ ಸಮ ಇರುವುದಿಲ್ಲ. ಸುತ್ತಲಿನ ಅನಿಲ ಅದರ ಮೇಲೆ ಬಿದ್ದಾಗ ಹೆಚ್ಚುತ್ತದೆ, ದೂಳಿನ ಮೋಡ ಅಡ್ಡ ಬಂದಾಗ ಮಂಕಾಗುತ್ತದೆ. ಆಗಷ್ಟೇ ಹಚ್ಚಿದ ಸೌದೆ ಒಲೆಯ ಹಾಗೆ, ಒಮ್ಮೆ ಹೊಗೆ, ಒಮ್ಮೆ ಉರಿ. ಅದನ್ನು ಅಳೆಯುವ ಕ್ರಮವೂ ಸುಲಭ. ಕೂಸಿನ ಪಕ್ಕ ಬೆಳಕು ಬದಲಾಗದ ಎರಡು ನಕ್ಷತ್ರಗಳಿವೆ. ಪ್ರಕಾಶ ಜಾಸ್ತಿ ಇರುವುದಕ್ಕೆ ಹತ್ತು, ಕಡಿಮೆ ಇರುವುದಕ್ಕೆ ಸೊನ್ನೆ ಅಂತಿಟ್ಟುಕೊಂಡರೆ ಇವತ್ತು ಕೂಸು ಎಷ್ಟು? ಕಣ್ಣಲ್ಲೇ ನೋಡಿ ಹೇಳಬೇಕು. ಒಂದು ತಾರಸಿಯಿಂದ ದಿನಕ್ಕೆ ಒಂದು ಅಂಕಿ ಕ್ಲಬ್ಬಿಗೆ ಹೋಗಬೇಕು.

ಎರಡನೇ ಮಹಡಿಗೆ ಶ್ವೇತಾ ಬಾಡಿಗೆಗೆ ಬಂದದ್ದು ಆ ಹೊತ್ತಿಗೆ. ಗದಗಿನ ಕಡೆಯ ಹುಡುಗಿ, ಮೊದಲು ಬಿಟಿಎಂ ಬಡಾವಣೆಯಲ್ಲಿ ಇದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಫಿಸಿಕ್ಸ್ ಓದಬೇಕೆಂದು ಆಸೆಪಟ್ಟು, ಮನೆಯ ಪರಿಸ್ಥಿತಿಯಿಂದ ಲ್ಯಾಬ್ ಡಿಪ್ಲೊಮಾ ಮಾಡಿದವಳು. ಬಟ್ಟೆ ಒಣಹಾಕಲು ತಾರಸಿಗೆ ಬಂದವಳು ಟೆಲಿಸ್ಕೋಪು ಬಿಟ್ಟು ಹೋಗಲೇ ಇಲ್ಲ. "ಇದರ ಮುಂದ ನಿಂತಾಗ ನಾ ಓದಬೇಕಂದಿದ್ದು ಓದಾಕತ್ತೇನಿ ಅನ್ನಿಸ್ತೈತ್ರಿ ಆಂಟಿ" ಅಂತ ಒಮ್ಮೆ ಹೇಳಿದಳು.

ದಿನಾ ಸಂಜೆ ಏಳಕ್ಕೆ ಅವಳು ಕೂಸನ್ನು ನೋಡಿ, ಕೆಲಸಕ್ಕೆ ಹೋಗುವಾಗ ಮೆಟ್ಟಿಲ ಮೇಲೆ ಇವರಿಗೆ ಅಂಕಿ ಹೇಳುತ್ತಿದ್ದಳು. ಇವರು ಪಂಚಾಯ್ತಿ, ಊಟ ಎಲ್ಲ ಮುಗಿಸಿ ಒಂಬತ್ತೂವರೆಗೆ ನೋಡುತ್ತಿದ್ದರು. ಎಷ್ಟೋ ದಿನ ಇಬ್ಬರದೂ ಒಂದೇ ಬರುತ್ತಿತ್ತು. ಕೆಲವು ದಿನ ಅವಳು ಏಳು ಅಂದಿದ್ದರೆ ಇವರಿಗೆ ಮೂರು ಕಾಣುತ್ತಿತ್ತು, ಇನ್ನು ಕೆಲವು ದಿನ ಅದೇ ತಿರುಗುಮುರುಗು. ಆಗ ನಮ್ಮ ಯಜಮಾನರು ಏನು ಮಾಡಿರಬಹುದು? ಗೋಡೆ ಜಗಳದಲ್ಲಿ ಮಾಡಿದ್ದನ್ನೇ ಮಾಡಿದರು. ನಿನ್ನದೂ ಬೇಡ, ನನ್ನದೂ ಬೇಡ ಅಂತ ನಡುವಿನ ಐದನ್ನು ಬರೆದು ಕ್ಲಬ್ಬಿಗೆ ಕಳಿಸಿದರು. ಮೂಲ ಅಂಕಿಗಳನ್ನು ಎಲ್ಲೂ ಗುರುತು ಹಾಕಲಿಲ್ಲ. ರಾಜಿ ಆದ ಮೇಲೆ ಹಳೇ ಜಗಳ ಯಾಕೆ ಇಟ್ಟುಕೊಳ್ಳಬೇಕು ಅನ್ನುವುದು ನಮ್ಮ ಊರಿನ ಪದ್ಧತಿ. ಹೀಗೆ ಎರಡು ಚಳಿಗಾಲ ನಡೆಯಿತು.

ಈ ಸಂಕ್ರಾಂತಿಗೆ ಮುಂಚೆ ಚೈತನ್ಯ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಅದೇ ಕೂಸನ್ನು ಯಡಿಯೂರಿನಿಂದ, ಕತ್ರಿಗುಪ್ಪೆಯಿಂದ ನೋಡುವವರೂ ಇದ್ದಾರೆ. ಅವನು ತೋರಿಸಿದ ಗ್ರಾಫಿನಲ್ಲಿ ಅವರ ಅಂಕಿಗಳ ಚುಕ್ಕಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ನಮ್ಮ ತಾರಸಿಯದು ಮಾತ್ರ ಯಾವಾಗಲೂ ನಡುವೆ ಸಾಧುವಾಗಿ ಕೂತಿತ್ತು. ಯಾಕೆ ಅಂತ ವಿಚಾರಿಸಿದ ಮೇಲೆ ನೋಡುವವರು ಇಬ್ಬರು, ಅಂಕಿ ಬೇರೆ ಬೇರೆ ಬಂದಾಗ ಇವರು ನಡುವಿನದು ಕಳಿಸುತ್ತಾರೆ ಎಂದು ಅವನಿಗೆ ಗೊತ್ತಾಯಿತು.

"ಹಾಗಾದ್ರೆ ಒಬ್ಬರ ಕಣ್ಣು ಸರಿ ಇಲ್ಲ ಅಂಕಲ್. ನೀವು ಹಳಬರು. ಆ ಮೇಡಂಗೆ ಟ್ರೈನಿಂಗ್ ಆಗಿಲ್ಲ. ಅವರದ್ದು ತಗೋಬೇಡಿ. ಭಾನುವಾರ ಮೀಟಿಂಗ್‌ನಲ್ಲಿ ನಿಮ್ಮೊಬ್ಬರ ಹೆಸರೇ ಬರೆಸಿಬಿಡ್ತೀನಿ" ಅಂದ. ಒಳ್ಳೆಯವನೇ, ಹಿರಿಯರ ಮನಸ್ಸು ನೋಯಬಾರದು ಅಂತ ನೋಡಿದ. ಶ್ವೇತಾಳ ಮನಸ್ಸಿನ ಲೆಕ್ಕ ಅವನಿಗಿರಲಿಲ್ಲ.

ಇವರು ಅವಳನ್ನು ಕರೆದು ಇಲ್ಲೂ ಅಡ್ಡಗೋಡೆ ಮೇಲೆ ದೀಪ ಇಟ್ಟರು. "ನೋಡಮ್ಮ, ನೀನು ನೋಡೋದು ನಿಲ್ಲಿಸ್ಬೇಡ. ಖುಷಿಗೆ ನೋಡು. ಕಳ್ಸೋದು ಮಾತ್ರ ನನ್ನದು ಕಳಿಸ್ತೀನಿ."

"ಅಂದ್ರ ನಾ ನೋಡಿದ್ದು ಸುಳ್ಳೇನ್ರಿ?"

"ಸುಳ್ಳು ಅಂತ ಯಾರಂದ್ರು? ಇಷ್ಟು ದಿನ ನಿಂದೂ ಸೇರಿಸಿ ಮಧ್ಯದ್ದು ಬರೀತಿದ್ನಲ್ಲ."

ಅವಳ ಮುಖ ಕೆಂಪಾಯಿತು. ನಡುವಿನದು ಬರೆಯುವ ಸಂಗತಿ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಅಂಕಲ್, ನಮ್ಮ ಲ್ಯಾಬಿನಾಗ ಇಬ್ಬರ ರಕ್ತ ಕೂಡಿಸಿ, ಅರ್ಧಾ ಮಾಡಿ ರಿಪೋರ್ಟ್ ಕೊಡಂಗಿಲ್ರಿ. ಖುಷಿಗೆ ನೋಡಾಕ ನಾ ಬರಂಗಿಲ್ಲ" ಅಂತ ಹೇಳಿ ಕೆಳಗಿಳಿದು ಹೋದಳು. ಮರುದಿನ ಬಟ್ಟೆ ಒಣಹಾಕಲೂ ಮೇಲೆ ಬರಲಿಲ್ಲ.

ನನಗೆ ಸಿಟ್ಟು ಬಂತು. ಮುದ್ದೆ ಬಡಿಸುತ್ತಾ ಹೇಳಿಯೇಬಿಟ್ಟೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಆ ಮಗೂನ ಹೊರಗೆ ಹಾಕೋಕೆ ಮುಂಚೆ ಒಂದ್ಸಲ ಇಬ್ರೂ ಒಟ್ಟಿಗೆ ನಿಂತು ನೋಡಿ. ಏಳಕ್ಕೂ ನೋಡಿ, ಒಂಬತ್ತೂವರೆಗೂ ನೋಡಿ. ಅಂಕಿ ನನ್ನ ಕಿವೀಲಿ ಹೇಳಿ, ಒಬ್ರದ್ದು ಇನ್ನೊಬ್ರಿಗೆ ಕೇಳಿಸ್ಬಾರ್ದು." ಅವರು ಊಟ ಮುಗಿಸಿ ಕೈ ತೊಳೆದರು. ಆಮೇಲೆ ತಾವೇ ಎದ್ದು ಹೋಗಿ ಎರಡನೇ ಮಹಡಿಯ ಬಾಗಿಲು ತಟ್ಟಿದರು.

ಹಬ್ಬಕ್ಕೆ ಅವಳಿಗೆ ಎರಡು ದಿನ ರಜೆ ಇತ್ತು. ಮೊದಲ ಸಂಜೆ ಕೂಸು ಅಲುಗಾಡಲಿಲ್ಲ. ಎರಡು ಹೊತ್ತಿನಲ್ಲೂ ಇಬ್ಬರೂ ಆರು ಅಂದರು. ಕಣ್ಣು ಇಬ್ಬರದೂ ಸರಿ ಇದೆ ಅಂತ ನನಗೆ ಅವತ್ತೇ ಅನ್ನಿಸಿತು, ಆದರೆ ಅಂಕಿ ಯಾಕೆ ಬೇರೆ ಬರುತ್ತಿತ್ತು ಎಂಬ ಜಗಳ ಬಗೆಹರಿಯಲಿಲ್ಲ.

ಎರಡನೇ ಸಂಜೆ ಏಳಕ್ಕೆ ಇವರು ನೋಡಿ ನೀರಿನ ಟ್ಯಾಂಕಿನ ಹತ್ತಿರ ಬಂದು ಕಿವಿಯಲ್ಲಿ "ಎಂಟು" ಅಂದರು. ಶ್ವೇತಾ ನೋಡಿ ಮೆಟ್ಟಿಲ ಹತ್ತಿರ ಬಂದು "ಎಂಟ್ರಿ ಆಂಟಿ" ಅಂದಳು. ನಾನು ಮುಖ ಬಿಗಿದುಕೊಂಡು ಎಳ್ಳು ಬೆಲ್ಲ ಕೊಟ್ಟು ಇಬ್ಬರನ್ನೂ ಬೇರೆ ಬೇರೆ ಮೂಲೆಗೆ ಕಳಿಸಿದೆ. ಒಂಬತ್ತೂವರೆಗೆ ಮೊದಲು ಇವರೇ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬಂದು ಹೇಳಿದ್ದು "ನಾಲ್ಕು". ಅವರ ಧ್ವನಿಯಲ್ಲಿ ಅನುಮಾನ ಇತ್ತು. ಆಮೇಲೆ ಶ್ವೇತಾ ಕಣ್ಣಿಟ್ಟಳು. ಅವಳು ಎಂಟು ಅಂದರೆ ಅವಳ ಕಣ್ಣು ಸುಳ್ಳು, ಭಾನುವಾರ ಅವಳನ್ನು ಹೊರಗಿಡುತ್ತಾರೆ. ಅವಳು ಬಂದು, ತಪ್ಪು ಮಾಡಿದವಳ ಹಾಗೆ ಸಣ್ಣಗೆ ಹೇಳಿದಳು. "ನಾಕ್ ಐತ್ರಿ."

ನಾನು ಇಬ್ಬರ ಅಂಕಿಗಳನ್ನೂ ಜೋರಾಗಿ ಹೇಳಿದೆ. ಎರಡೂವರೆ ಗಂಟೆಯಲ್ಲಿ ಕೂಸು ಮಂಕಾಗಿತ್ತು. ಎರಡು ಚಳಿಗಾಲದಲ್ಲೂ ಅಂಕಿ ಬೇರೆ ಬಂದ ದಿನ ಹೀಗೇ ಅದರ ಬೆಳಕು ಬದಲಾಗಿತ್ತು. ಅವಳು ತನ್ನ ಹೊತ್ತಿನ ಕೂಸನ್ನು ಸರಿಯಾಗಿ ನೋಡಿದ್ದಳು, ಇವರು ತಮ್ಮ ಹೊತ್ತಿನದನ್ನು ಸರಿಯಾಗಿ ನೋಡಿದ್ದರು. ಇಬ್ಬರೂ ನಿಜ ಹೇಳಿದ್ದರು, ಸುಳ್ಳು ಹೇಳಿದ್ದು ರಾಜಿ. ಇವರು ಟ್ಯಾಂಕಿಗೆ ಒರಗಿ ಕೂತು, "ಯಾರೂ ನೋಡದೇ ಇದ್ದದ್ದನ್ನು ಬರೆದು ಕಳಿಸ್ಬಿಟ್ಟೆನಲ್ಲೇ" ಅಂದರು. ನನಗೆ ಪಾಪ ಅನ್ನಿಸಿತು, ಆದರೆ ಸಮಾಧಾನ ಹೇಳಲಿಲ್ಲ. ಅವತ್ತು ಸಮಾಧಾನ ಸಲ್ಲಬೇಕಾದದ್ದು ಶ್ವೇತಾಳಿಗೆ.

ಭಾನುವಾರ ಜಯನಗರದ ಮೀಟಿಂಗಿಗೆ ಮೂವರೂ ಹೋದೆವು. ಇವರು ಎಲ್ಲ ವಿವರಿಸಿದರು. ಚೈತನ್ಯ ಲ್ಯಾಪ್‌ಟಾಪ್ ತೆರೆದು, "ಸಖತ್ ಡೇಟಾ ಅಂಕಲ್ ಇದು. ಇನ್ನು ಮುಂದೆ ಇಬ್ಬರದೂ ಬೇರೆ ಬೇರೆ ತಗೊಳ್ಳೋಣ. ಆದ್ರೆ ನಿಮ್ಮ ಎರಡು ವರ್ಷದ ಕೆಲ್ಸ ವೇಸ್ಟ್ ಮಾಡೋದು ಬೇಡ. ಕೆಳಗೆ ಒಂದು ನೋಟ್ ಹಾಕ್ತೀನಿ, ನೋಡಿದವರಲ್ಲಿ ಒಬ್ಬರು ಹೊಸಬರು, ಅದಕ್ಕೆ ಹೆಚ್ಚುಕಮ್ಮಿ ಆಗಿದೆ ಅಂತ. ಎಲ್ಲರಿಗೂ ಅನುಕೂಲ" ಅಂದ.

ಯಾರೂ ತಪ್ಪು ಹೇಳಲಾಗದ ಏರ್ಪಾಡು. ನಮ್ಮ ಯಜಮಾನರೇ ನ್ಯಾಯಕ್ಕೆ ಕೂತಿದ್ದರೆ ಇದಕ್ಕಿಂತ ಬೇರೆ ಹೇಳುತ್ತಿರಲಿಲ್ಲ. ಶ್ವೇತಾ ತಲೆ ಬಗ್ಗಿಸಿ ಉಗುರು ನೋಡುತ್ತಿದ್ದಳು. ಮುಂದೆ ನೋಡಬಹುದು, ಆದರೆ ಕೆಟ್ಟ ಕಣ್ಣಿನವಳು ಅನ್ನುವ ಹೆಸರು ಹೊತ್ತುಕೊಂಡು ನೋಡಬೇಕು.

"ಬೇಡ. ಎಲ್ಲಾ ತೆಗೆದುಹಾಕು" ಅಂದರು ಇವರು.

"ಎಲ್ಲಾನಾ ಅಂಕಲ್?"

"ಈ ಸಂಕ್ರಾಂತಿಗೆ ಮುಂಚೆ ಕಳ್ಸಿರೋದೆಲ್ಲಾ. ಆಯಮ್ಮನ ಕಣ್ಣು ಮೊದ್ಲಿಂದ್ಲೂ ಸರಿ ಇತ್ತು. ಮಧ್ಯದ್ದು ಬರೆದೋನು ನಾನು."

"ಅದನ್ನ ಹಾಗೆ ಹೇಳೋದು ಬೇಡ ಅಂಕಲ್, ಏನಾದ್ರೂ ಅಡ್ಜಸ್ಟ್ ಮಾಡೋಣ."

"ಇದ್ರಲ್ಲಿ ರಾಜಿ ಇಲ್ಲಪ್ಪ."

ಜಗಲಿ ನ್ಯಾಯದ ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಹೆಮ್ಮೆಯಾಯಿತು, ಅಲ್ಲೇ, ಅಷ್ಟು ಜನರ ಮುಂದೆ ಕಣ್ಣು ತುಂಬಿ ಬಂತು.

ಚೈತನ್ಯ ಒಂದು ಗುಂಡಿ ಒತ್ತಿದ. ಗೋಡೆಯ ಮೇಲಿನ ತೆರೆಯಲ್ಲಿ ನಮ್ಮ ತಾರಸಿಯ ಚುಕ್ಕಿಗಳೆಲ್ಲ ಒಟ್ಟಿಗೆ ಅಳಿಸಿಹೋದವು. ಇವರು ಕಣ್ಣು ಬೇರೆ ಕಡೆ ತಿರುಗಿಸದೆ ನೋಡಿದರು. ಆಮೇಲೆ, "ಈಗ ಹಬ್ಬದ ಎರಡನೇ ಸಂಜೆಯದ್ದು ಹಾಕು. ಏಳಕ್ಕೆ ಎಂಟು, ಒಂಬತ್ತೂವರೆಗೆ ನಾಲ್ಕು. ಮೇಲಿನದಕ್ಕೆ ಆಯಮ್ಮನ ಹೆಸರು, ಕೆಳಗಿನದಕ್ಕೆ ನಂದು" ಅಂದರು.

ಖಾಲಿ ತೆರೆಯ ಮೇಲೆ ಎರಡು ಚುಕ್ಕಿ ಮೂಡಿದವು, ಒಂದು ಮೇಲೆ, ಒಂದು ಕೆಳಗೆ. ಶ್ವೇತಾ ಎದ್ದು ಹೋಗಿ ತೆರೆಯ ಹತ್ತಿರವೇ ನಿಂತು ತನ್ನ ಹೆಸರನ್ನು ಓದಿಕೊಂಡಳು.